ಐವತ್ತು ಟನ್ ನಾರಿಗೆ ಒಂದು ಹಡಗು: ನ್ಯೂಜಿಲೆಂಡಿನ ಹರಕೆಕೆ ವ್ಯಾಪಾರದ ಪ್ರಕರಣ ಅಧ್ಯಯನ

1830ನೇ ಇಸವಿ. ನ್ಯೂಜಿಲೆಂಡಿನ ಉತ್ತರ ದ್ವೀಪದ ಪಡುಗಡೆ ಕಾಪಿತಿ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿ ಒಂದು ಹಡಗಿನ ಬಾಡಿಗೆ ಮಾತುಕತೆ ನಡೆಯಿತು. ಹಡಗಿನ ಹೆಸರು ‘ಎಲಿಜಬೆತ್’, ಕಪ್ತಾನ ಜಾನ್ ಸ್ಟೀವರ್ಟ್ ಎಂಬ ಬ್ರಿಟಿಷ್ ಪ್ರಜೆ. ಬಾಡಿಗೆಗೆ ಕೇಳಿದವನು ನ್ಗಾತಿ ತೋವಾ ಬುಡಕಟ್ಟಿನ ಮುಖಂಡ ತೆ ರೌಪರಾಹಾ. ಸುಮಾರು ನೂರು ಯೋಧರನ್ನು ಹಡಗಿನೊಳಗೆ ಬಚ್ಚಿಟ್ಟುಕೊಂಡು ದಕ್ಷಿಣ ದ್ವೀಪದ ಅಕರೋವಾ ಬಂದರಿಗೆ ಹೋಗಬೇಕು, ಅಲ್ಲಿ ಶತ್ರು ಮುಖಂಡನನ್ನು ಹಿಡಿಯಬೇಕು, ವಾಪಸ್ ಬರಬೇಕು. ಇಷ್ಟು ಕೆಲಸಕ್ಕೆ ಬಾಡಿಗೆ ಐವತ್ತು ಟನ್ ನಾರು.

ಹಣದ ಮಾತೇ ಬರಲಿಲ್ಲ. ಜೌಗು ನೆಲದಲ್ಲಿ ತಾನಾಗಿ ಬೆಳೆಯುವ ಗಿಡದ ಎಲೆಯಿಂದ ಹೆರೆದು ತೆಗೆದ ನಾರಿಗಾಗಿ ಒಬ್ಬ ಕಪ್ತಾನ ತನ್ನ ಹಡಗನ್ನು ಯುದ್ಧಕ್ಕೆ ಕೊಟ್ಟ.

ನ್ಯೂಜಿಲೆಂಡ್ ಬ್ರಿಟಿಷ್ ವಸಾಹತು ಆದ ಕಥೆ ಹೇಳುವಾಗ ಈ ಪ್ರಯಾಣವನ್ನು ಒಬ್ಬ ಕೆಟ್ಟ ಕಪ್ತಾನನ ದುಷ್ಟತನ ಅಂತ ಎರಡು ಸಾಲಲ್ಲಿ ಮುಗಿಸುವುದುಂಟು. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಸ್ಟೀವರ್ಟ್ ದುಷ್ಟನೇ, ಸಂಶಯವಿಲ್ಲ. ಆದರೆ ಅವನು ಅಂಥ ಕರಾರಿಗೆ ಒಪ್ಪುವಷ್ಟು ಆ ನಾರಿಗೆ ಬೆಲೆ ಬಂದದ್ದು ಹೇಗೆ? ಅಷ್ಟು ನಾರನ್ನು ಹೆರೆಯುತ್ತಿದ್ದವರು ಯಾರು? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ಪ್ರಕರಣ ಬೇರೆಯೇ ಆಗಿ ಕಾಣುತ್ತದೆ.

ಎಲೆಯಿಂದ ನಾರು

ಗಿಡದ ಹೆಸರು ಹರಕೆಕೆ. ಸಸ್ಯಶಾಸ್ತ್ರದಲ್ಲಿ ಫಾರ್ಮಿಯಂ ಟೆನಾಕ್ಸ್. ಕತ್ತಿಯಂತೆ ಉದ್ದನೆಯ, ದಪ್ಪ ಎಲೆಗಳು ಬುಡದಿಂದಲೇ ಬೀಸಣಿಗೆ ಬಿಚ್ಚಿದ ಹಾಗೆ ಏಳುತ್ತವೆ. ಒಂದೊಂದು ಎಲೆ ಮೂರು ಮೀಟರ್‌ವರೆಗೂ ಬೆಳೆಯುತ್ತದೆ. ಜೇಮ್ಸ್ ಕುಕ್ 1769ರಲ್ಲಿ ಬಂದಾಗ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಈ ನಾರಿನ ಗಟ್ಟಿತನವನ್ನು ಬಹಳ ಮೆಚ್ಚಿಕೊಂಡಿದ್ದ. ಯುರೋಪಿಯನ್ನರು ಇದನ್ನು ‘ನ್ಯೂಜಿಲೆಂಡ್ ಫ್ಲಾಕ್ಸ್’ ಅಂತ ಕರೆದರು. ನಿಜವಾದ ಫ್ಲಾಕ್ಸ್, ಅಂದರೆ ಅಗಸೆಗೂ ಇದಕ್ಕೂ ಸಂಬಂಧವಿಲ್ಲ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಇದು ಅಂಥ ಇಂಥ ಗಿಡ ಅಲ್ಲ. ಅವರ ಹಿರಿಯರು ಸುಮಾರು 13ನೇ ಶತಮಾನದಲ್ಲಿ ಪೂರ್ವ ಪಾಲಿನೇಷಿಯಾದ ಬೆಚ್ಚನೆಯ ದ್ವೀಪಗಳಿಂದ ಬಂದವರು. ಅಲ್ಲಿ ಕಾಗದದ ಹಿಪ್ಪುನೇರಳೆ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದರು. ನ್ಯೂಜಿಲೆಂಡಿನ ಚಳಿಗೆ ಆ ಮರ ಸರಿಯಾಗಿ ಬೆಳೆಯಲಿಲ್ಲ, ಆ ಬಟ್ಟೆ ಚಳಿ ತಡೆಯುವಂಥದ್ದೂ ಅಲ್ಲ. ಹರಕೆಕೆ ಅವರ ಕೈ ಹಿಡಿಯಿತು. ಹೊದೆಯುವ ಮೇಲುಹೊದಿಕೆ, ಚಾಪೆ, ಬುಟ್ಟಿ, ಮೀನಿನ ಬಲೆ, ಹಗ್ಗ, ದೋಣಿಯ ಹಲಗೆ ಬಿಗಿಯುವ ಹುರಿ, ಎಲ್ಲದಕ್ಕೂ ಇದೇ.

ಎಲ್ಲ ಗಿಡವೂ ಎಲ್ಲ ಕೆಲಸಕ್ಕೆ ಬರುವುದಿಲ್ಲ. ಒಂದು ಜಾತಿಯದು ಬುಟ್ಟಿಗೆ ಚೆನ್ನ, ಇನ್ನೊಂದರ ನಾರು ರೇಷ್ಮೆಯಂತೆ ನುಣುಪು, ಮತ್ತೊಂದು ಬರೀ ಹಗ್ಗಕ್ಕೆ. ಆರಿಸಿದ ಜಾತಿಗಳನ್ನು ಊರ ಪಕ್ಕ ನೆಟ್ಟು ಸಾಕುತ್ತಿದ್ದರು. ಕೊಯ್ಯುವುದಕ್ಕೂ ಕಟ್ಟುನಿಟ್ಟು ಇತ್ತು, ಇವತ್ತಿಗೂ ಇದೆ. ಬೀಸಣಿಗೆಯ ನಡುವಿನ ಎಳೆ ಎಲೆ ಮಗು, ಅದರ ಎರಡೂ ಪಕ್ಕದ ಎಲೆಗಳು ಅಪ್ಪ ಅಮ್ಮ. ಈ ಮೂರನ್ನು ಮುಟ್ಟುವ ಹಾಗಿಲ್ಲ. ಹೊರಗಿನ ಹಳೆಯ ಎಲೆಗಳನ್ನಷ್ಟೇ ಕೊಯ್ಯಬೇಕು. ಮಳೆಯಲ್ಲಿ, ಕತ್ತಲಲ್ಲಿ ಕೊಯ್ಯಬಾರದು.

ನಾರು ತೆಗೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಎಲೆಯ ಗಟ್ಟಿ ಅಂಚನ್ನೂ ನಡುವಿನ ದಿಂಡನ್ನೂ ಉಗುರಿನಿಂದ ಸೀಳಿ ಬಿಸಾಡುತ್ತಾರೆ. ಉಳಿದ ಪಟ್ಟಿಯನ್ನು ಹೊಳಪಿಲ್ಲದ ಬದಿ ಮೇಲೆ ಮಾಡಿ, ನಡುವಿನಲ್ಲಿ ಅಡ್ಡಕ್ಕೆ ಒಂದು ತೆಳು ಗೀರು ಹಾಕುತ್ತಾರೆ. ಗೀರು ಸಿಪ್ಪೆಗೆ ಮಾತ್ರ ತಾಗಬೇಕು, ಒಳಗಿನ ನಾರಿಗೆ ತಾಗಿದರೆ ಪಟ್ಟಿ ದಂಡ. ಆಮೇಲೆ ಮಳಿ ಎಂಬ ಕಡಲಜೀವಿಯ ಚಿಪ್ಪಿನ ಅಂಚನ್ನು ಗೀರಿಗೆ ಒತ್ತಿ, ಹೆಬ್ಬೆರಳಿನಿಂದ ಬಿಗಿ ಹಿಡಿದು ಒಂದೇ ಸಮನೆ ಎಳೆಯುತ್ತಾರೆ. ಹಸಿರು ಸಿಪ್ಪೆ ಸರ್ರನೆ ಬಿಟ್ಟುಕೊಂಡು ಬರುತ್ತದೆ, ಕೈಯಲ್ಲಿ ಬಿಳಿಚು ಬಂಗಾರದ ಬಣ್ಣದ ನಾರು ಉಳಿಯುತ್ತದೆ. ಪಟ್ಟಿ ತಿರುಗಿಸಿ ಇನ್ನರ್ಧಕ್ಕೂ ಅದೇ ಕೆಲಸ. ಈ ಹದವಾದ ನಾರಿಗೆ ಅವರು ಮುಕಾ ಅನ್ನುತ್ತಾರೆ. ಬಟ್ಟೆಗಾದರೆ ಇನ್ನೂ ಇದೆ: ತೊಳೆಯಬೇಕು, ಕಲ್ಲಿನಿಂದ ಬಡಿದು ಮೆತ್ತಗೆ ಮಾಡಬೇಕು, ಬಟ್ಟೆಯಿಲ್ಲದ ಕಾಲಿನ ಮೇಲೆ ಉರುಳಿಸಿ ಹುರಿ ಹೊಸೆಯಬೇಕು.

ಒಂದು ಎಲೆಯಿಂದ ಸಿಗುವುದು ಒಂದು ಹಿಡಿ ಎಳೆ. ಒಂದು ಟನ್ ಒಣಗಿದ ನಾರಿಗೆ ಹಲವು ಟನ್ ಹಸಿ ಎಲೆ ಬೇಕು. ಈ ಕೆಲಸ ಹೆಂಗಸರದ್ದು.

ಹಡಗಿನವರ ಹಸಿವು

ಹಾಯಿಹಡಗಿನ ಕಾಲದಲ್ಲಿ ಹಗ್ಗ ಮತ್ತು ಹಾಯಿಬಟ್ಟೆ ಇಲ್ಲದೆ ನೌಕಾಪಡೆ ಇಲ್ಲ. ಬ್ರಿಟನ್ನಿಗೆ ಸೆಣಬು ಬರುತ್ತಿದ್ದದ್ದು ಬಾಲ್ಟಿಕ್ ಸಮುದ್ರದ ಕಡೆಯಿಂದ, ಮುಖ್ಯವಾಗಿ ರಷ್ಯಾದಿಂದ. ಯುದ್ಧ ಬಂದರೆ ಆ ದಾರಿ ಯಾವಾಗ ಬೇಕಾದರೂ ಮುಚ್ಚಬಹುದು. ಹಾಗಾಗಿ ದಕ್ಷಿಣ ಸಾಗರದಲ್ಲಿ ಗಟ್ಟಿ ನಾರು ಸಿಗುತ್ತದೆ ಅಂದಾಗ ಲಂಡನ್ನಿನ ಕಿವಿ ನೆಟ್ಟಗಾಯಿತು. 1788ರಲ್ಲಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದಲ್ಲಿ ಕೈದಿಗಳ ನೆಲೆ ಮಾಡಿದ್ದಕ್ಕೆ ಒಂದು ಕಾರಣ ಅಲ್ಲಿ ಕಾಡಿನಂತೆ ಬೆಳೆದಿದ್ದ ಇದೇ ಗಿಡ.

ಗಿಡವೇನೋ ಇತ್ತು, ನಾರು ತೆಗೆಯಲು ಯಾರಿಗೂ ಬರಲಿಲ್ಲ. ದ್ವೀಪದ ಆಡಳಿತ ನೋಡುತ್ತಿದ್ದ ಫಿಲಿಪ್ ಗಿಡ್ಲಿ ಕಿಂಗ್, ಮಾವೊರಿಗಳನ್ನೇ ಕರೆತಂದು ಕಲಿಸಿಬಿಟ್ಟರೆ ಆಯಿತಲ್ಲ ಅಂದುಕೊಂಡ. 1793ರಲ್ಲಿ ‘ಡೇಡಲಸ್’ ಎಂಬ ಸರಕಿನ ಹಡಗಿನವರು ಉತ್ತರ ದ್ವೀಪದ ತುದಿಯ ಹತ್ತಿರ ಇಬ್ಬರನ್ನು ಆಸೆ ತೋರಿಸಿ ಹಡಗಿಗೆ ಹತ್ತಿಸಿಕೊಂಡು ಹೊತ್ತೊಯ್ದರು. ಒಬ್ಬನ ಹೆಸರು ತುಕಿ, ಇನ್ನೊಬ್ಬ ಹುರು. ತುಕಿ ಪುರೋಹಿತರ ಮನೆತನದವನು, ಹುರು ಯೋಧ. ನಾರು ಹೆರೆಯುವ ಬಗ್ಗೆ ಕೇಳಿದರೆ ಇಬ್ಬರಿಗೂ ಹೆಚ್ಚೇನೂ ಗೊತ್ತಿಲ್ಲ, ಅದು ಹೆಂಗಸರ ಕೆಲಸ ಅಲ್ವಾ! ಗೊತ್ತಿದ್ದಷ್ಟನ್ನು ಹೇಳಿಕೊಟ್ಟರು, ಅದು ಸ್ವಲ್ಪ ಹೊತ್ತಲ್ಲೇ ಮುಗಿಯಿತು. ತುಕಿ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಆಮೇಲೆ ಕಾಗದದ ಮೇಲೆ ತನ್ನ ನಾಡಿನ ನಕ್ಷೆ ಬರೆದುಕೊಟ್ಟ. ಆ ನಕ್ಷೆ ಇವತ್ತಿಗೂ ಉಳಿದಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಕಿಂಗ್ ತಾನೇ ಹೋಗಿ ಇಬ್ಬರನ್ನೂ ಊರಿಗೆ ಬಿಟ್ಟು ಬಂದ, ಹಂದಿ, ಆಲೂಗಡ್ಡೆ ಮುಂತಾದ ಉಡುಗೊರೆ ಕೊಟ್ಟ.

ಇದನ್ನು ತಮಾಷೆಯ ಪ್ರಸಂಗ ಅಂತ ಹೇಳಿ ನಗುವವರು ಇದ್ದಾರೆ. ನನಗೆ ಇದರಲ್ಲಿ ಮುಂದಿನ ನಲವತ್ತು ವರ್ಷದ ಸುಳಿವು ಕಾಣುತ್ತದೆ. ನಾರು ಬೇಕು, ಆದರೆ ಅದರ ಹಿಂದಿರುವ ಕೈ ಯಾರದು ಅಂತ ಕೇಳುವ ವ್ಯವಧಾನ ಯಾರಿಗೂ ಇಲ್ಲ.

ಒಂದು ಬಂದೂಕು, ಒಂದು ಟನ್

ಬ್ರಿಟಿಷರು ನಾರು ತೆಗೆಯಲು ಕಲಿಯಲಿಲ್ಲ, ಕೊಳ್ಳಲು ಶುರುಮಾಡಿದರು. 1810ರ ದಶಕದಲ್ಲಿ ಸಿಡ್ನಿಯ ವ್ಯಾಪಾರಿಗಳು ಅಲ್ಲಿ ಇಲ್ಲಿ ಪ್ರಯತ್ನ ಮಾಡಿದ್ದರು. ವ್ಯಾಪಾರ ನಿಜವಾಗಿ ಬಿಸಿಯೇರಿದ್ದು 1820ರ ದಶಕದ ಕೊನೆಯಲ್ಲಿ. 1828ರಲ್ಲಿ ಸಿಡ್ನಿಗೆ ಹೋದ ನಾರು ಕೆಲವೇ ಹತ್ತು ಟನ್. 1831ರ ಹೊತ್ತಿಗೆ ಸಾವಿರ ಟನ್ ದಾಟಿತ್ತು.

ಬದಲಿಗೆ ಮಾವೊರಿಗಳು ಕಂಬಳಿ, ಕೊಡಲಿ, ತಂಬಾಕು ಎಲ್ಲವನ್ನೂ ತೆಗೆದುಕೊಂಡರು. ಆದರೆ ಎಲ್ಲಕ್ಕಿಂತ ಮೊದಲು ಕೇಳಿದ್ದು ಬಂದೂಕು, ಮದ್ದು, ಗುಂಡು. ಯಾಕೆ ಅಂತ ತಿಳಿಯಲು ನ್ಗಾಪುಹಿ ಬುಡಕಟ್ಟಿನ ಮುಖಂಡ ಹೊಂಗಿ ಹಿಕಾನ ಕಥೆ ನೋಡಬೇಕು.

ಉತ್ತರದ ನ್ಗಾಪುಹಿ ಬುಡಕಟ್ಟಿನ ಹತ್ತಿರ ಬಂದೂಕು ಬಂದದ್ದು ಬೇಗ. 1807ರ ಸುಮಾರಿಗೆ ಮೊರೆಮೊನುಯಿ ಎಂಬಲ್ಲಿ ಕೆಲವು ಬಂದೂಕು ಹಿಡಿದು ಹೋಗಿಯೂ ಅವರು ಹೀನಾಯವಾಗಿ ಸೋತರು. ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಅಲ್ಲಿ ಜೀವ ಉಳಿಸಿಕೊಂಡು ಓಡಿ ಬಂದವರಲ್ಲಿ ಹೊಂಗಿಯೂ ಒಬ್ಬ. ನಾಲ್ಕಾರು ಬಂದೂಕು ಉಪಯೋಗವಿಲ್ಲ, ನೂರಾರು ಬೇಕು ಅನ್ನುವ ಪಾಠ ಅವನಿಗೆ ಚೆನ್ನಾಗಿ ಹತ್ತಿತು. 1820ರಲ್ಲಿ ಮಿಷನರಿ ಥಾಮಸ್ ಕೆಂಡಾಲ್ ಜೊತೆ ಇಂಗ್ಲೆಂಡಿಗೆ ಹೋದ. ಕೇಂಬ್ರಿಡ್ಜ್‌ನಲ್ಲಿ ಮಾವೊರಿ ವ್ಯಾಕರಣ ಬರೆಯಲು ಪ್ರೊಫೆಸರ್ ಸ್ಯಾಮ್ಯುಯೆಲ್ ಲೀಗೆ ನೆರವಾದ, ನಾಲ್ಕನೇ ಜಾರ್ಜ್ ದೊರೆಯನ್ನು ಕಂಡ. ಸಿಕ್ಕ ಉಡುಗೊರೆಗಳಲ್ಲಿ ಬಹುಪಾಲನ್ನು ಬರುವ ದಾರಿಯಲ್ಲಿ ಸಿಡ್ನಿಯಲ್ಲಿ ಬಂದೂಕಿಗೆ ಬದಲಾಯಿಸಿಕೊಂಡು, ನೂರಾರು ಬಂದೂಕುಗಳೊಂದಿಗೆ 1821ರಲ್ಲಿ ಊರಿಗೆ ಬಂದ. ಆ ವರ್ಷವೇ ಈಗಿನ ಆಕ್ಲೆಂಡ್ ಇರುವ ಜಾಗದ ಮವಿನೈನಾ ಕೋಟೆ ಬಿತ್ತು. 1823ರಲ್ಲಿ ದೋಣಿಗಳನ್ನು ಕಾಡಿನ ಮೂಲಕ ಎಳೆದುಕೊಂಡು ಹೋಗಿ ರೊಟೊರುವಾ ಸರೋವರದ ನಡುವಿನ ಮೊಕೋಯಾ ದ್ವೀಪವನ್ನೇ ಮುತ್ತಿದ.

ಈಗ ಉಳಿದ ಬುಡಕಟ್ಟುಗಳ ಜಾಗದಲ್ಲಿ ನಿಂತು ನೋಡಿ. ಪಕ್ಕದವನ ಹತ್ತಿರ ಬಂದೂಕು ಇದೆ, ನಮ್ಮ ಹತ್ತಿರ ಇಲ್ಲ. ಬಂದೂಕು ಕೊಳ್ಳದೆ ಸುಮ್ನೆ ಇರುತ್ತೇವೆ ಅನ್ನುವ ಆಯ್ಕೆಯೇ ಉಳಿದಿಲ್ಲ. ಎಲ್ಲರೂ ಲಂಡನ್ನಿಗೆ ಹೋಗಿ ದೊರೆಯ ಉಡುಗೊರೆ ತರಲು ಆಗುತ್ತದೆಯೇ? ಕೈಯಲ್ಲಿ ಇದ್ದದ್ದು ಹಂದಿ, ಆಲೂಗಡ್ಡೆ, ಮತ್ತೆ ಜೌಗಿನ ತುಂಬ ಹರಕೆಕೆ. ಶುರುವಿನಲ್ಲಿ ಒಂದು ಬಂದೂಕಿಗೆ ಸುಮಾರು ಒಂದು ಟನ್ ಹೆರೆದ ನಾರು ಕೇಳುತ್ತಿದ್ದರು. ಅದೂ ಎಂಥ ಬಂದೂಕು? ವ್ಯಾಪಾರಕ್ಕೆಂದೇ ಮಾಡಿದ ಅಗ್ಗದ ಮಾಲು.

ವ್ಯಾಪಾರಿಯ ಕಣ್ಣಿಂದ ನೋಡಿದರೆ ಇದು ಎರಡೂ ಕಡೆಯವರು ಒಪ್ಪಿ ಮಾಡಿದ ವಿನಿಮಯ. ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮಾವೊರಿ ಮುಖಂಡರು ಮುಗ್ಧರೇನೂ ಆಗಿರಲಿಲ್ಲ. ಚೌಕಾಸಿ ಮಾಡುವುದರಲ್ಲಿ ಪಳಗಿದವರು, ಕೆಟ್ಟ ಬಂದೂಕನ್ನು ನೋಡಿದ ಕೂಡಲೇ ಗುರುತಿಸುವವರು. ಆದರೆ ಮುಖಂಡ ಒಪ್ಪಿದ ಬೆಲೆಯನ್ನು ತೆರುತ್ತಿದ್ದವರು ಬೇರೆ.

ಒಂದು ಟನ್ ನಾರು ಅಂದರೆ ಎಷ್ಟು ಎಲೆ, ಎಷ್ಟು ಚಿಪ್ಪಿನ ಎಳೆತ ಅಂತ ಯೋಚಿಸಿ. ಮೊದಲು ಮನೆಯ ಬಟ್ಟೆಗೆ, ಬಲೆಗೆ ಎಷ್ಟು ಬೇಕೋ ಅಷ್ಟು ಹೆರೆಯುತ್ತಿದ್ದ ಹೆಂಗಸರು ಈಗ ಹಡಗಿಗೆ ಹೆರೆಯಬೇಕಾಯಿತು. ಎಲೆ ಇರುವಲ್ಲಿಗೆ ಜನ ಹೋದರು. ಹಲವೆಡೆ ಗಾಳಿ ಬೆಳಕಿನ ಗುಡ್ಡದ ಮೇಲಿನ ಊರು ಬಿಟ್ಟು, ತೇವದ ಜೌಗಿನ ಪಕ್ಕ ಗುಡಿಸಲು ಹಾಕಿಕೊಂಡು ವಾಸ ಶುರುವಾಯಿತು. ಹೊಲದ ಕೆಲಸ ಹಿಂದೆ ಬಿತ್ತು. ಹಡಗಿನ ಜೊತೆ ಬಂದ ಹೊಸ ಕಾಯಿಲೆಗಳಿಗೆ ಒದ್ದೆ ನೆಲ, ದಣಿದ ಮೈ, ಅರೆಹೊಟ್ಟೆ ಎಲ್ಲ ಒಟ್ಟಿಗೆ ಸಿಕ್ಕವು.

ಮನೆಯ ಹೆಂಗಸರಷ್ಟೇ ಸಾಲದಾದಾಗ ಸೆರೆಯಾಳುಗಳು ಬಂದರು. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಜೀತಕ್ಕೆ ಇಟ್ಟುಕೊಳ್ಳುವುದು ಮೊದಲೂ ಇತ್ತು. ಈಗ ಅವರ ಬೆಲೆಯೇ ಬೇರೆಯಾಯಿತು. ಸೆರೆಯಾಳು ನಾರು ಹೆರೆಯುತ್ತಾನೆ, ನಾರು ಬಂದೂಕಾಗುತ್ತದೆ, ಬಂದೂಕು ಇನ್ನಷ್ಟು ಸೆರೆಯಾಳುಗಳನ್ನು ತರುತ್ತದೆ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲೇ ಇದೆ. ನಾರಿನ ಬೆಲೆ ಏರಿದಷ್ಟೂ ಯುದ್ಧಕ್ಕೆ ಹೋಗಲು ಹೊಸ ಕಾರಣ ಹುಟ್ಟಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. 1800ರ ಮೊದಲ ದಶಕದಿಂದ 1840ರವರೆಗೆ ನಡೆದ ಈ ಬಂದೂಕು ಯುದ್ಧಗಳಿಗೆಲ್ಲ ನಾರೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ಹಳೆಯ ಹಗೆ ಇತ್ತು, ಸತ್ತವರ ಲೆಕ್ಕ ಸರಿಮಾಡಲೇಬೇಕೆನ್ನುವ ಉತು ಪದ್ಧತಿ ಇತ್ತು. ಆಲೂಗಡ್ಡೆಯ ಪಾತ್ರವಂತೂ ಜಾಸ್ತಿಯೇ. ಕಡಿಮೆ ಶ್ರಮದಲ್ಲಿ ಬೆಳೆದು ಹೊತ್ತೊಯ್ಯಬಹುದಾದ ಆ ಊಟ ಇಲ್ಲದಿದ್ದರೆ ತಿಂಗಳುಗಟ್ಟಲೆ ದೂರದ ದಂಡಯಾತ್ರೆ ಸಾಧ್ಯವೇ ಇರಲಿಲ್ಲ ಅನ್ನುವ ಇತಿಹಾಸಕಾರರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಸತ್ತವರ ಸಂಖ್ಯೆ ಸುಮಾರು 20,000 ಎಂಬ ಅಂದಾಜು ಹೆಚ್ಚು ಕೇಳಿಬರುತ್ತದೆ. ಅದರ ಮೇಲೂ ವಾದವಿದೆ. ಆದರೆ ಹೊಂಗಿ ಹಚ್ಚಿದ ಬೆಂಕಿ ಹತ್ತೇ ವರ್ಷದಲ್ಲಿ ಎರಡೂ ದ್ವೀಪಗಳಿಗೆ ಹಬ್ಬಲು ಬೇಕಾದ ಬಂದೂಕುಗಳಿಗೆ ಬೆಲೆ ಕಟ್ಟಿದ್ದರಲ್ಲಿ ಹರಕೆಕೆಯ ಪಾಲು ದೊಡ್ಡದು.

ಮಕೆತೂ ಎಂಬ ಕರಾವಳಿ ಊರಿನ ಉದಾಹರಣೆ ನೋಡಿ. ಡೆನ್ಮಾರ್ಕ್ ಮೂಲದ ಫಿಲಿಪ್ ಟ್ಯಾಪ್‌ಸೆಲ್ 1830ರ ಸುಮಾರಿಗೆ ಅಲ್ಲಿ ನಾರಿನ ಅಂಗಡಿ ಹಾಕಿದ. ಅವನನ್ನು ತಮ್ಮ ನಡುವೆ ಇಟ್ಟುಕೊಳ್ಳುವುದು ಅಲ್ಲಿನ ತೆ ಅರವಾ ಬುಡಕಟ್ಟಿನ ಜನರಿಗೆ ಜೀವನ್ಮರಣದ ಪ್ರಶ್ನೆ. ಮೊಕೋಯಾದಲ್ಲಿ ಹೊಂಗಿಯ ಬಂದೂಕಿಗೆ ಸಿಕ್ಕಿದವರು ಇವರೇ. ವ್ಯಾಪಾರಿ ಊರಲ್ಲಿದ್ದರೆ ಬಂದೂಕು ಊರಲ್ಲಿರುತ್ತದೆ. ಆದರೆ ಅದೇ ಕಾರಣಕ್ಕೆ ಊರು ಎದುರಾಳಿಗಳ ಕಣ್ಣಿಗೂ ಬಿತ್ತು. 1836ರಲ್ಲಿ ನ್ಗಾತಿ ಹವಾದ ಮುಖಂಡ ತೆ ವಾಹರೋವಾ ಮಕೆತೂ ಮೇಲೆ ಬಿದ್ದಾಗ ಟ್ಯಾಪ್‌ಸೆಲ್‌ನ ಅಂಗಡಿಯೂ ಹಾಳಾಯಿತು.

ಎಲಿಜಬೆತ್ ಹೋಗಿ ಬಂದ ದಾರಿ

ಇನ್ನು ಕಾಪಿತಿಗೆ ಬರೋಣ. ತೆ ರೌಪರಾಹಾನ ಜನ ಮೂಲತಃ ಕಾಪಿತಿಯವರಲ್ಲ. ಉತ್ತರದ ಕಾಫಿಯಾ ಬಂದರಿನ ಕಡೆಯಿಂದ ಒತ್ತಡ ತಾಳದೆ 1820ರ ದಶಕದ ಆರಂಭದಲ್ಲಿ ದಕ್ಷಿಣಕ್ಕೆ ವಲಸೆ ಬಂದವರು. ಕಾಪಿತಿಯನ್ನು ಅವನು ಆರಿಸಿಕೊಂಡದ್ದೇ ಹಡಗುಗಳಿಗಾಗಿ. ಎರಡು ದ್ವೀಪಗಳ ನಡುವಿನ ಜಲಸಂಧಿಯ ಬಾಯಲ್ಲಿ ಕೂತರೆ ಎಲ್ಲ ವ್ಯಾಪಾರವೂ ಕೈಗೆ ಸಿಗುತ್ತದೆ. ಎದುರಿನ ಕರಾವಳಿಯ ಜೌಗಿನಲ್ಲಿ ಹರಕೆಕೆ ಧಾರಾಳ. ಹೆರೆಯಲು ಸೆರೆಯಾಳುಗಳಿದ್ದರು.

ಎಲಿಜಬೆತ್ ಘಟನೆಗೆ ಒಂದೆರಡು ವರ್ಷ ಮೊದಲು ದಕ್ಷಿಣ ದ್ವೀಪದ ಕಾಯಾಪೊಯ್ ಕೋಟೆಯಲ್ಲಿ ನ್ಗಾತಿ ತೋವಾದ ಕೆಲವು ಮುಖಂಡರನ್ನು ಅಲ್ಲಿನ ನ್ಗಾಯ್ ತಾಹು ಬುಡಕಟ್ಟಿನ ಜನ ಕೊಂದಿದ್ದರು. ಸತ್ತವರಲ್ಲಿ ತೆ ಪೇಹಿ ಕುಪೆಯೂ ಇದ್ದ. ಅವನೂ ಹೊಂಗಿಯ ಹಾಗೆ ಬಂದೂಕಿಗಾಗಿ ಇಂಗ್ಲೆಂಡಿಗೆ ಹೋಗಿ ಬಂದವನು. ಇದಕ್ಕೆ ಉತು ಆಗಲೇಬೇಕು. ಗುರಿ ಇಟ್ಟದ್ದು ನ್ಗಾಯ್ ತಾಹುವಿನ ಅತಿ ಹಿರಿಯ ಮುಖಂಡ ತಮಾಯ್‌ಹರನುಯಿ ಮೇಲೆ. ಅವನ ಊರು ಅಕರೋವಾ ಬಂದರಿನ ದಡದ ತಕಾಪೂನೆಕೆ. ಅದೂ ನಾರಿನ ವ್ಯಾಪಾರದ ಊರೇ.

ಯುದ್ಧದ ದೋಣಿಗಳಲ್ಲಿ ಹೋದರೆ ದೂರದಿಂದಲೇ ಗೊತ್ತಾಗುತ್ತದೆ. ಯುರೋಪಿನ ಹಡಗು ಬಂದರೆ ಯಾರೂ ಹೆದರುವುದಿಲ್ಲ, ನಾರು ಕೊಳ್ಳಲು ಬಂದಿದೆ ಅಂದುಕೊಳ್ಳುತ್ತಾರೆ. ತೆ ರೌಪರಾಹಾ ಬಾಡಿಗೆಗೆ ತೆಗೆದುಕೊಂಡದ್ದು ಹಡಗಿನ ಜೊತೆಗೆ ಆ ನಂಬಿಕೆಯನ್ನೂ. ನವೆಂಬರ್ ಮೊದಲ ವಾರದಲ್ಲಿ ಎಲಿಜಬೆತ್ ತಕಾಪೂನೆಕೆ ಎದುರು ಲಂಗರು ಹಾಕಿತು. ಯೋಧರು ಕೆಳಗಿನ ಅಟ್ಟದಲ್ಲಿ ಅಡಗಿ ಕೂತರು. ಬಂದೂಕು ಇದೆ, ನಾರು ಬೇಕು ಅಂತ ಹೇಳಿಕಳಿಸಲಾಯಿತು. ತಮಾಯ್‌ಹರನುಯಿ ಹಡಗು ಹತ್ತಿದ. ಅವನ ಹೆಂಡತಿ ತೆ ವ್ಹೇ, ಮಗಳು ನ್ಗಾ ರೊಯ್‌ಮಾತಾ ಕೂಡ ಸಿಕ್ಕಿಬಿದ್ದರು. ಆಮೇಲೆ ಯೋಧರು ದಡಕ್ಕೆ ಇಳಿದು ಊರನ್ನು ಸುಟ್ಟರು, ಸಿಕ್ಕವರನ್ನು ಕೊಂದರು, ಉಳಿದವರನ್ನು ಸೆರೆ ಹಿಡಿದರು. ವಾಪಸ್ ಬರುವಾಗ, ಮಗಳು ಶತ್ರುಗಳ ಜೀತಕ್ಕೆ ಬೀಳಬಾರದೆಂದು ಹೆತ್ತವರೇ ಅವಳ ಜೀವ ತೆಗೆದರು ಎಂಬುದು ಆ ಜನರ ನೆನಪಿನಲ್ಲಿ ಇವತ್ತಿಗೂ ಉಳಿದಿದೆ.

ಇದರ ಮುಂದಿನದ್ದು ಕಡಿಮೆ ಜನ ಹೇಳುವ ಭಾಗ. ಕಾಪಿತಿಗೆ ಬಂದ ಮೇಲೂ ಸ್ಟೀವರ್ಟ್ ತಮಾಯ್‌ಹರನುಯಿಯನ್ನು ಕೂಡಲೇ ಒಪ್ಪಿಸಲಿಲ್ಲ. ಬಾಡಿಗೆಯ ನಾರು ಇನ್ನೂ ಬಂದಿರಲಿಲ್ಲ. ಹಾಗಾಗಿ ಅವನನ್ನು ಸರಪಳಿ ಹಾಕಿ ಹಡಗಿನಲ್ಲೇ ಅಡವಿಟ್ಟುಕೊಂಡ. ದಡದಲ್ಲಿ ನಾರು ಹೆರೆಯುವುದು ನಡೆದೇ ಇತ್ತು. ವಾರಗಟ್ಟಲೆ ಕಾದರೂ ಮಾತಾದಷ್ಟು ಸಿಗಲಿಲ್ಲ. ಕೊನೆಗೆ ಸಿಕ್ಕಷ್ಟು ತುಂಬಿಕೊಂಡು, ಸೆರೆಯವನನ್ನು ಒಪ್ಪಿಸಿ ಸಿಡ್ನಿಗೆ ಹೊರಟ. ತಮಾಯ್‌ಹರನುಯಿಯನ್ನು ಹಿಂಸಿಸಿ ಕೊಂದರು.

ಐವತ್ತು ಟನ್ ಒಪ್ಪುವುದು ಸುಲಭ, ಹೆರೆಯುವುದು ಕಷ್ಟ. ಸ್ಟೀವರ್ಟ್‌ಗೂ ತೆ ರೌಪರಾಹಾನಿಗೂ ಈ ಲೆಕ್ಕ ತಪ್ಪಿತ್ತು.

1831ರ ಆರಂಭದಲ್ಲಿ ಸುದ್ದಿ ಸಿಡ್ನಿಯಲ್ಲಿ ಗುಲ್ಲಾಯಿತು. ನ್ಯೂ ಸೌತ್ ವೇಲ್ಸ್ ಗವರ್ನರ್ ರಾಲ್ಫ್ ಡಾರ್ಲಿಂಗ್ ಸ್ಟೀವರ್ಟ್‌ನ ಮೇಲೆ ಮೊಕದ್ದಮೆ ಹೂಡಿಸಿದ. ಆದರೆ ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದ ನಾವಿಕರು ಊರು ಬಿಟ್ಟಿದ್ದರು. ಬ್ರಿಟಿಷ್ ಆಳ್ವಿಕೆಯೇ ಇಲ್ಲದ ನಾಡಿನಲ್ಲಿ ನಡೆದದ್ದಕ್ಕೆ ಯಾವ ಕಾನೂನು ಹಾಕುವುದು ಅನ್ನುವ ಗೊಂದಲ ಬೇರೆ. ಕೇಸು ನಿಲ್ಲಲಿಲ್ಲ, ಸ್ಟೀವರ್ಟ್ ಬಿಡುಗಡೆಯಾಗಿ ಹೊರಟುಹೋದ. ಅದೇ ವರ್ಷ ಡಾರ್ಲಿಂಗ್ ಇನ್ನೊಂದು ಘೋರ ವ್ಯಾಪಾರವನ್ನು, ಅಂದರೆ ಹಚ್ಚೆ ಹಾಕಿದ ಮಾವೊರಿ ತಲೆಗಳ ಮಾರಾಟವನ್ನು, ನಿಷೇಧಿಸಿದ. ಬಂದೂಕು ಕೊಟ್ಟು ನಾರು ತರುವುದಕ್ಕೆ ಮಾತ್ರ ಅಂಥ ತಡೆ ಬೀಳಲಿಲ್ಲ.

ನಾರು ಬಿತ್ತಿದ ರಾಜಕೀಯ

ತಮ್ಮ ಪ್ರಜೆಗಳನ್ನೇ ಹದ್ದುಬಸ್ತಿನಲ್ಲಿ ಇಡಲಾಗದ ಮುಜುಗರ ಲಂಡನ್ನಿಗೆ ತಾಗಿತು. 1831ರಲ್ಲಿ ಉತ್ತರದ ಹದಿಮೂರು ಮುಖಂಡರು ನಾಲ್ಕನೇ ವಿಲಿಯಂ ದೊರೆಗೆ ರಕ್ಷಣೆ ಕೇಳಿ ಮನವಿ ಬರೆದರು. ಜೇಮ್ಸ್ ಬಸ್ಬಿಯನ್ನು ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂತ ನೇಮಿಸಿದರು, ಅವನು 1833ರ ಮೇ ತಿಂಗಳಲ್ಲಿ ಬಂದಿಳಿದ. ಕೈಯಲ್ಲಿ ಸೈನಿಕರಿಲ್ಲ, ಪೊಲೀಸರಿಲ್ಲ. ಆದರೂ ಅವನ ಕಾಲದಲ್ಲಿ 1834ರಲ್ಲಿ ನಾಡಿಗೊಂದು ಬಾವುಟ ಬಂತು, 1835ರಲ್ಲಿ ಮಾವೊರಿ ಮುಖಂಡರ ಸ್ವಾತಂತ್ರ್ಯ ಘೋಷಣೆ ಬಂತು, 1840ರ ಫೆಬ್ರವರಿ 6ರಂದು ಅವನ ಮನೆಯ ಅಂಗಳದಲ್ಲೇ ಮಾವೊರಿ ಮುಖಂಡರಿಗೂ ಬ್ರಿಟಿಷರಿಗೂ ನಡುವಿನ ವೈತಂಗಿ ಒಪ್ಪಂದಕ್ಕೆ ಸಹಿ ಬಿತ್ತು. ಎಲಿಜಬೆತ್ ಪ್ರಕರಣ ಈ ಸರಣಿಯ ಮೊದಲ ಕೊಂಡಿಗಳಲ್ಲಿ ಒಂದು. ತಕಾಪೂನೆಕೆಯ ನೆಲದ ಗತಿ ಕೇಳಿದರೆ ಬೇಜಾರಾಗುತ್ತದೆ. 20ನೇ ಶತಮಾನದಲ್ಲಿ ಅಕರೋವಾದ ಕೊಳಚೆ ನೀರಿನ ಘಟಕವನ್ನೂ ಕಸದ ಗುಂಡಿಯನ್ನೂ ಅಲ್ಲೇ ಮಾಡಿದ್ದರು. ಅದು ಮೀಸಲು ಸ್ಮಾರಕ ಭೂಮಿ ಆದದ್ದು 2010ರಲ್ಲಿ.

ವ್ಯಾಪಾರ ತಣ್ಣಗಾದದ್ದಕ್ಕೆ ಕರುಣೆ ಕಾರಣವಲ್ಲ. ಎಲ್ಲ ಬುಡಕಟ್ಟುಗಳ ಕೈಗೂ ಬಂದೂಕು ಬಂದ ಮೇಲೆ ಅದರ ಬೆಲೆ ಇಳಿಯಿತು, ಅದಕ್ಕಾಗಿ ಹಗಲು ರಾತ್ರಿ ಹೆರೆಯುವ ಆತುರವೂ ಇಳಿಯಿತು. ಆ ಕಡೆ ಹಗ್ಗದ ಕಾರ್ಖಾನೆಯವರಿಗೂ ಈ ನಾರಿನ ಮೇಲೆ ದೂರುಗಳಿದ್ದವು. ಟಾರು ಸರಿಯಾಗಿ ಹಿಡಿಯುವುದಿಲ್ಲ, ಆತುರದಲ್ಲಿ ಹೆರೆದದ್ದರಲ್ಲಿ ಸಿಪ್ಪೆ ಉಳಿದಿರುತ್ತದೆ, ಒಂದು ಕಟ್ಟಿನಂತೆ ಇನ್ನೊಂದು ಇರುವುದಿಲ್ಲ. ಜಾತಿ ನೋಡಿ ಎಲೆ ಆರಿಸುತ್ತಿದ್ದ ಕೈಗಳಿಂದ ಟನ್ ಲೆಕ್ಕದಲ್ಲಿ ಕೇಳಿದರೆ ಇನ್ನೇನಾಗುತ್ತದೆ? ಫಿಲಿಪೀನ್ಸಿನ ಮನಿಲಾ ನಾರು ಮಾರುಕಟ್ಟೆ ಹಿಡಿಯಿತು.

ಯಂತ್ರ ಬಂದ ಮೇಲೆ

1860ರ ದಶಕದಲ್ಲಿ ಎಲೆ ಹೆರೆಯುವ ಯಂತ್ರ ಬಂತು. ಚಿಪ್ಪಿನ ಕೆಲಸವನ್ನು ತಿರುಗುವ ಉಕ್ಕಿನ ಉರುಳೆ ಮಾಡತೊಡಗಿತು. ಅದರ ಕಿರುಚಾಟ ಮೈಲಿ ದೂರ ಕೇಳುತ್ತಿತ್ತಂತೆ. ಮನವತೂ ನದಿಯ ಕಡೆ, ಅದರಲ್ಲೂ ಫಾಕ್ಸ್‌ಟನ್ ಊರಿನ ಸುತ್ತ ಗಿರಣಿಗಳು ಎದ್ದವು. ಬೆಲೆ ಏರಿದಾಗ ಹತ್ತಾರು ಗಿರಣಿ, ಇಳಿದಾಗ ಬಾಗಿಲು ಬಂದ್. ಈ ಹಂತದಲ್ಲಿ ಕೆಲಸ ಕೂಲಿಯದು, ಲಾಭ ಗಿರಣಿಯ ಒಡೆಯರದು. ಹಳದಿ ಎಲೆ ರೋಗ ಬಂದು ಜೌಗಿನ ಗಿಡಗಳು ಸಾಲುಸಾಲಾಗಿ ಸತ್ತವು. ಒಂದು ಬಗೆಯ ಸಣ್ಣ ಜಿಗಿಹುಳು ಆ ರೋಗ ಹರಡುತ್ತದೆ. ಜೊತೆಗೆ ಜೌಗುಗಳಿಂದ ನೀರು ಬಸಿದು ಹಸು ಮೇಯಿಸುವ ಹುಲ್ಲುಗಾವಲು ಮಾಡಿದರು. ಗಿಡ ಹೋದಲ್ಲಿ ಅದರ ಹೂವಿನ ಜೇನು ಕುಡಿಯುತ್ತಿದ್ದ ತೂಯಿ ಹಕ್ಕಿಗಳ ಊಟವೂ ಹೋಯಿತು.

ಗಿಡ ಸಮುದ್ರ ದಾಟಿ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪಕ್ಕೂ ಹೋಯಿತು. 1907ರಲ್ಲಿ ಸರ್ಕಾರ ಅಲ್ಲಿ ಗಿರಣಿ ಹಾಕಿತು, ಗುಡ್ಡಗಳ ಸ್ಥಳೀಯ ಕಾಡು ಕಡಿದು ಇದನ್ನೇ ನೆಟ್ಟರು. 1951ರಲ್ಲಿ ನಾರಿನ ಬೆಲೆ ಎಷ್ಟು ಏರಿತೆಂದರೆ ದ್ವೀಪದ ರಫ್ತು ಆಮದನ್ನು ಮೀರಿಸಿತು. ಆದರೆ ಬ್ರಿಟಿಷ್ ಅಂಚೆ ಇಲಾಖೆ ಟಪಾಲು ಚೀಲ ಕಟ್ಟುವ ಹುರಿಗೆ ಕೃತಕ ನಾರು ಸಾಕು ಅಂದಿತು, 1966ರಲ್ಲಿ ಕೊನೆಯ ಗಿರಣಿಗಳು ಮುಚ್ಚಿದವು. ಜನರ ಕೆಲಸ ಹೋಯಿತು, ಗಿಡ ಉಳಿಯಿತು. ಈಗ ಅಲ್ಲಿ ಅದು ಕಳೆ. ಬೇರೆಲ್ಲೂ ಇಲ್ಲದ ತಮ್ಮ ಮರಗಳನ್ನು ಮತ್ತೆ ನೆಡಲು ಅದನ್ನೇ ಕಡಿದು ತೆಗೆಯುತ್ತಿದ್ದಾರೆ.

ನ್ಯೂಜಿಲೆಂಡಿನಲ್ಲಿ ಆದ ನಷ್ಟ ಇನ್ನೊಂದು ಬಗೆಯದು. ಗಿರಣಿಗೆ ತೂಕ ಬೇಕಿತ್ತು, ಬಣ್ಣ, ನುಣುಪು ಬೇಕಿರಲಿಲ್ಲ. ಊರ ಪಕ್ಕ ಸಾಕಿದ ಜಾತಿಗಳು ನೋಡುವವರಿಲ್ಲದೆ ಹಾಳುಬಿದ್ದವು. ರೀನ್ ಆರ್ಕಿಸ್ಟನ್ ಎಂಬ ಮಹಿಳೆ ಊರೂರು ತಿರುಗಿ, ಮಾವೊರಿ ನೇಯ್ಗೆಯವರ ಹಿತ್ತಲುಗಳಿಂದ ಐವತ್ತಕ್ಕೂ ಹೆಚ್ಚು ಜಾತಿಗಳನ್ನು ಒಟ್ಟುಮಾಡಿದರು. ಯಾವುದು ಬುಟ್ಟಿಗೆ, ಯಾವುದು ಮೇಲುಹೊದಿಕೆಗೆ ಅನ್ನುವುದನ್ನೂ ಜೊತೆಗೆ ಬರೆದಿಟ್ಟರು. 1987ರಲ್ಲಿ ಆ ಸಂಗ್ರಹವನ್ನು ಸರ್ಕಾರಿ ಸಂಶೋಧಕರಿಗೆ ಒಪ್ಪಿಸಿದರು. ಈಗ ಅದು ಲಿಂಕನ್ ಊರಿನ ಸಂಶೋಧನಾ ಸಂಸ್ಥೆಯ ತೋಟದಲ್ಲಿದೆ, ನೇಯ್ಗೆಯವರು ಬೇಕಾದ ಜಾತಿಯ ಮರಿಗಿಡ ಅಲ್ಲಿಂದ ಪಡೆದು ತಮ್ಮ ಊರಿನ ಹರಕೆಕೆ ತೋಟಗಳಲ್ಲಿ ನೆಟ್ಟುಕೊಳ್ಳುತ್ತಾರೆ.